ಮೂರು ಬಾರಿ ನೆಲಕ್ಕೆ ಬಿದ್ದವನು: ಕೋರಹನ ಬಂಡಾಯ, ಒಂದು ಪ್ರಕರಣ ಅಧ್ಯಯನ

ಎದುರಿಗೆ ನಿಂತವರು 250 ಮಂದಿ. ದಾರಿಹೋಕರಲ್ಲ, ಸಭೆ ಸೇರಿದಾಗ ಮೊದಲು ಕರೆ ಹೋಗುವಂಥ ಹೆಸರುಳ್ಳವರು. ಅವರನ್ನು ಕಟ್ಟಿಕೊಂಡು ಬಂದವನು, ಇಸ್ರಾಯೇಲ್ ಜನರನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿ ತಂದ ಮೋಶೆಯ ಸ್ವಂತ ಚಿಕ್ಕಪ್ಪನ ಮಗ ಕೋರಹ. ಮೋಶೆಗೂ ಅವನ ಅಣ್ಣ, ಮಹಾಯಾಜಕ ಆರೋನನಿಗೂ ಅವನು ಆಡಿದ ಮಾತು ನೇರವಾಗಿತ್ತು: ನಿಮ್ಮದು ಅತಿಯಾಯಿತು. ಈ ಸಮುದಾಯದಲ್ಲಿ ಪ್ರತಿಯೊಬ್ಬರೂ ಪವಿತ್ರರೇ, ಯೆಹೋವನು ಎಲ್ಲರ ನಡುವೆಯೂ ಇದ್ದಾನೆ, ಹಾಗಿರುವಾಗ ನೀವಿಬ್ಬರು ಮಾತ್ರ ಏಕೆ ತಲೆ ಎತ್ತಿಕೊಂಡು ನಡೆಯುತ್ತೀರಿ? ಮೋಶೆ ಇದನ್ನು ಕೇಳಿದನು. ಬಾಯಿ ತೆರೆಯುವ ಮೊದಲು ನೆಲಕ್ಕೆ ಬೋರಲು ಬಿದ್ದನು.

ಬೈಬಲಿನ ಅರಣ್ಯಕಾಂಡ ಎಂಬ ಪುಸ್ತಕದ 16 ಮತ್ತು 17ನೆಯ ಅಧ್ಯಾಯಗಳಲ್ಲಿ ಬರುವ ಈ ಘಟನೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಹೆಚ್ಚಾಗಿ ಕೇಳಿದ್ದು ಭೂಮಿ ಬಾಯಿ ತೆರೆದ ಭಾಗವನ್ನೇ. ಆದರೆ ಈ ಎರಡು ಅಧ್ಯಾಯಗಳಲ್ಲಿ ಮೋಶೆ ಮೂರು ಬಾರಿ ಮುಖ ಕೆಳಗಾಗಿ ಬೀಳುತ್ತಾನೆ, ಮತ್ತು ಮೂರು ಸಲವೂ ಕಾರಣ ಬೇರೆ. ಭೂಮಿ ಬಾಯಿ ತೆರೆದದ್ದು ಅವನ ಕೈಯಲ್ಲಿದ್ದ ಕೆಲಸವಲ್ಲ. ಬಿದ್ದದ್ದು ಅವನು ತಾನಾಗಿ ಮಾಡಿದ್ದು. ಒಬ್ಬ ನಾಯಕನನ್ನು ಅಳೆಯಬೇಕಾದರೆ ಅವನು ಮಾಡಿದ್ದನ್ನು ನೋಡಬೇಕು. ಅದಕ್ಕೇ ಈ ಪ್ರಕರಣವನ್ನು ಆ ಕಡೆಯಿಂದ ಓದುತ್ತೇನೆ.

ದಕ್ಷಿಣದ ಸಾಲಿನ ಗುಡಾರಗಳು

ಇದು ಮೊದಲಿಗೆ ದಾಯಾದಿಗಳ ಜಗಳ. ಲೇವಿಯ ಮಗ ಕೆಹಾತನಿಗೆ ನಾಲ್ವರು ಮಕ್ಕಳು: ಅಮ್ರಾಮ, ಇಚ್ಹಾರ, ಹೆಬ್ರೋನ, ಉಜ್ಜೀಯೇಲ. ಮೋಶೆ ಮತ್ತು ಆರೋನ ಹಿರಿಯನಾದ ಅಮ್ರಾಮನ ಮಕ್ಕಳು. ಕೋರಹ ಎರಡನೆಯವನಾದ ಇಚ್ಹಾರನ ಮಗ. ಕೆಹಾತನ ಮನೆತನಕ್ಕೆ ಮುಖ್ಯಸ್ಥನನ್ನು ನೇಮಿಸುವ ಹೊತ್ತು ಬಂದಾಗ ಆ ಪದವಿ ಕಿರಿಯವನಾದ ಉಜ್ಜೀಯೇಲನ ಮಗ ಎಲೀಚಾಫಾನನ ಪಾಲಾಯಿತು. ಅಣ್ಣನ ಮಕ್ಕಳಿಗೆ ನಾಯಕತ್ವ ಮತ್ತು ಯಾಜಕತ್ವ, ಕೊನೆಯ ತಮ್ಮನ ಮಗನಿಗೆ ಮನೆತನದ ಹಿರಿತನ, ನಡುವಿನವನ ಮಗನಿಗೆ ಏನೂ ಇಲ್ಲ. 11ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಕೋರಹನ ಹೊಟ್ಟೆಕಿಚ್ಚಿನ ಬೇರನ್ನು ಇಲ್ಲಿಯೇ ಹುಡುಕುತ್ತಾನೆ. ಆಸ್ತಿ ಭಾಗವಾಗುವುದನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ಹಂಚಿಕೆಯಲ್ಲೂ ಒಂದು ಸಂಕಟವಿತ್ತು. ಪಾಳೆಯ ಹೊರಡುವಾಗ ದೇವದರ್ಶನದ ಗುಡಾರದ, ಅಂದರೆ ಬಿಚ್ಚಿ ಒಯ್ಯುವ ಆರಾಧನಾ ಗುಡಾರದ, ಸಾಮಾನು ಸಾಗಿಸುವುದು ಲೇವಿಯ ವಂಶದವರಾದ ಲೇವಿಯರ ಹೊಣೆ. ಗುಡಾರದ ಬಟ್ಟೆಗಳನ್ನು ಒಯ್ಯುವ ಗೇರ್ಷೋನ್ಯರಿಗೆ ಎರಡು ಬಂಡಿ, ಹಲಗೆ ಕಂಬಗಳನ್ನು ಒಯ್ಯುವ ಮೆರಾರೀಯರಿಗೆ ನಾಲ್ಕು ಬಂಡಿ ಸಿಕ್ಕವು. ಕೆಹಾತ್ಯರಿಗೆ ಒಂದೂ ಇಲ್ಲ. ದೇವರ ಆಜ್ಞೆಗಳ ಕಲ್ಲುಹಲಗೆಗಳಿದ್ದ ಮಂಜೂಷ, ಮೇಜು, ದೀಪಸ್ತಂಭ, ಧೂಪವೇದಿ, ಅತಿ ಪವಿತ್ರವಾದುದೆಲ್ಲ ಅವರ ಹೆಗಲ ಮೇಲೆಯೇ ಹೋಗಬೇಕು. ಮೊದಲು ಆರೋನ ಮತ್ತು ಅವನ ಮಕ್ಕಳು ಒಳಗೆ ಹೋಗಿ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತುತ್ತಾರೆ, ನಂತರ ಕೆಹಾತ್ಯರು ಬಂದು ಹೊರುತ್ತಾರೆ. ಮುಟ್ಟಿದರೆ ಸಾವು, ಒಂದು ಕ್ಷಣ ಇಣುಕಿ ನೋಡಿದರೂ ಸಾವು. 30ರಿಂದ 50 ವರ್ಷದೊಳಗಿನ 2,750 ಮಂದಿ ಈ ಸೇವೆಗೆ ಎಣಿಸಲ್ಪಟ್ಟಿದ್ದರು. ದೇವರ ಮಂಜೂಷ ಹೆಗಲ ಮೇಲೆ, ಆದರೆ ಕಣ್ಣಿಗೆ ಬೀಳುವುದು ಹೊದಿಕೆ ಮಾತ್ರ. ಈ ಗೌರವದೊಳಗೇ ಒಂದು ಮುಳ್ಳು ಇತ್ತು ಎಂಬುದನ್ನು ಒಪ್ಪಿಕೊಳ್ಳದೆ ಕೋರಹನನ್ನು ಬರೀ ಖಳನಾಗಿಸುವುದು ನ್ಯಾಯವಲ್ಲ.

ಕೆಹಾತ್ಯರು ಇಳಿದುಕೊಳ್ಳುತ್ತಿದ್ದದ್ದು ಗುಡಾರದ ದಕ್ಷಿಣಕ್ಕೆ. ಅದೇ ದಿಕ್ಕಿನಲ್ಲಿ ರೂಬೇನ್ ಕುಲದವರ ಪಾಳೆಯ. ರೂಬೇನನು ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಚೊಚ್ಚಲ ಮಗ, ಆದರೆ ತಂದೆಯ ಬಾಯಿಂದಲೇ ಹಿರಿತನ ಕಳೆದುಕೊಂಡವನು. ಆ ಕುಲದ ದಾತಾನ್, ಅಬೀರಾಮ್ ಮತ್ತು ಓನ್ ಕೋರಹನ ಜೊತೆಗೂಡಿದರು. ಒಬ್ಬನಿಗೆ ಯಾಜಕತ್ವ ಸಿಗಲಿಲ್ಲವೆಂಬ ಕೊರಗು, ಇವರಿಗೆ ಹಿರಿತನ ತಪ್ಪಿತೆಂಬ ಕೊರಗು. ಸಂಜೆ ಹೊತ್ತು ಪಕ್ಕದ ಗುಡಾರದ ಮುಂದೆ ಕುಳಿತು ಆಡಿದ ಮಾತುಗಳು ಹೇಗೆ ಬೆಳೆದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮೇಲಾಗಿ ಕಾಲವೂ ಕೆಟ್ಟಿತ್ತು. ದೇವರು ಕೊಡುವೆನೆಂದಿದ್ದ ಕಾನಾನ್ ದೇಶಕ್ಕೆ ಹೋಗಿಬಂದ ಗೂಢಚಾರರ ಮಾತಿಗೆ ಜನ ಹೆದರಿದ ಪ್ರಸಂಗ ಮುಗಿದಿತ್ತು, ಆ ಪೀಳಿಗೆ 40 ವರ್ಷ ಅರಣ್ಯದಲ್ಲೇ ಸವೆಯಬೇಕೆಂಬ ತೀರ್ಪು ಬಂದಿತ್ತು. ಅರಣ್ಯವೆಂದರೆ ಇಲ್ಲಿ ನಮ್ಮ ಮಲೆನಾಡಿನ ಕಾಡಲ್ಲ. ಮರವಿಲ್ಲದ, ನೀರಿಲ್ಲದ ಬಯಲು. ಮುಂದೆ ಯಾವ ಊರೂ ಕಾಣದಿದ್ದಾಗ ಜನ ಮೊದಲು ಸಿಟ್ಟಾಗುವುದು ಮುಂದೆ ನಡೆಯುವವನ ಮೇಲೆ.

ಮೋಶೆಯೇ ಆಡಬಹುದಾಗಿದ್ದ ಮಾತು

ಕೋರಹ ಹೇಳಿದ್ದರಲ್ಲಿ ಸುಳ್ಳು ಎಷ್ಟು? ಸೀನಾಯಿ ಬೆಟ್ಟದ ಬುಡದಲ್ಲಿ ದೇವರು ಈ ಜನರನ್ನು ಯಾಜಕರಾಜ್ಯ, ಪವಿತ್ರ ಜನಾಂಗ ಎಂದು ಕರೆದಿದ್ದನು. ಅದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಎಲ್ದಾದ್ ಮತ್ತು ಮೇದಾದ್ ಎಂಬಿಬ್ಬರು ಪಾಳೆಯದೊಳಗೇ ಪ್ರವಾದಿಸತೊಡಗಿದಾಗ ಯುವಕ ಯೆಹೋಶುವ ಗಾಬರಿಯಾಗಿ, ಒಡೆಯನೇ, ಅವರನ್ನು ತಡೆ ಎಂದಿದ್ದನು. ಆಗ ಮೋಶೆ, ನನ್ನ ಪರವಾಗಿ ನಿನಗೆ ಹೊಟ್ಟೆಕಿಚ್ಚೋ, ಯೆಹೋವನ ಜನರೆಲ್ಲ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂದು ಉತ್ತರಿಸಿದ್ದನು. ಕೋರಹ ತಂದ ಮಾತು ಮೋಶೆಯ ಮನೆಯ ಮಾತೇ. ಬೇರೆಯಾಗಿದ್ದದ್ದು ಅದನ್ನು ತಂದ ಉದ್ದೇಶ. ಎಲ್ಲರೂ ಪವಿತ್ರರು ಎಂದವನು ಹತ್ತಿರ ಸೆಳೆಯುತ್ತಿದ್ದದ್ದು ಒಂದೇ ಒಂದು ಗದ್ದುಗೆಯನ್ನು.

ಆದ್ದರಿಂದಲೇ ಮೊದಲ ಸಲದ ಬೀಳುವಿಕೆ ನನಗೆ ಇಷ್ಟು ಮುಖ್ಯವಾಗಿ ಕಾಣುತ್ತದೆ. ಅರ್ಧ ಸತ್ಯವಿರುವ ಆರೋಪಕ್ಕೆ ತಕ್ಷಣ ಉತ್ತರ ಕೊಡಲು ಹೊರಟವನು ಆ ಅರ್ಧ ಸತ್ಯವನ್ನೂ ಸೇರಿಸಿ ಹೊಡೆದುಹಾಕುತ್ತಾನೆ. ಮೋಶೆ ಎದ್ದ ಮೇಲೆ ಹೇಳಿದ ಮೊದಲ ಮಾತು "ಬೆಳಿಗ್ಗೆ". ನಾಳೆ ಬೆಳಿಗ್ಗೆ ಧೂಪಾರತಿಗಳಲ್ಲಿ ಕೆಂಡ ತುಂಬಿ ಧೂಪ ಹಾಕಿಕೊಂಡು ಬನ್ನಿ, ಯಾರು ತನ್ನವರೆಂದು ಯೆಹೋವನೇ ತೋರಿಸಲಿ. ತೀರ್ಪನ್ನು ತನ್ನ ಕೈಯಿಂದ ಬಿಟ್ಟನು, ಎದುರಾಳಿಗೆ ಒಂದು ರಾತ್ರಿಯ ಬಿಡುವು ಕೊಟ್ಟನು. ರಾತ್ರಿ ಕಳೆಯುವುದರೊಳಗೆ ಯಾರಾದರೂ ಮನಸ್ಸು ಬದಲಿಸಿ ಹಿಂದೆ ಸರಿಯಬಹುದಲ್ಲ. ಮೊದಲು ಹೆಸರು ಬಂದ ಓನ್ ಮುಂದೆ ಕಥೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಯೆಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿ ಇದಕ್ಕೊಂದು ಕಥೆಯಿದೆ: ಅವನ ಹೆಂಡತಿ ಗಂಡನಿಗೆ ದ್ರಾಕ್ಷಾರಸ ಕುಡಿಸಿ ಮಲಗಿಸಿ, ತಾನು ಕೂದಲು ಬಿಚ್ಚಿಕೊಂಡು ಗುಡಾರದ ಬಾಗಿಲಲ್ಲಿ ಕುಳಿತಳು. ಕರೆಯಲು ಬಂದ ಧರ್ಮಿಷ್ಠರು ಕೂದಲು ಬಿಚ್ಚಿದ ಹೆಂಗಸನ್ನು ಕಂಡು ಹಿಂದಿರುಗಿದರು.

ಮೋಶೆಯ ಉತ್ತರದಲ್ಲಿ ಇನ್ನೊಂದನ್ನು ಗಮನಿಸಬೇಕು. ತನ್ನ ಪರವಾಗಿ ಅವನು ಒಂದು ಮಾತೂ ಆಡುವುದಿಲ್ಲ. ಲೇವಿಯರೇ, ದೇವರು ನಿಮ್ಮನ್ನು ಹತ್ತಿರ ಕರೆದದ್ದು ನಿಮಗೆ ಸಾಲದೆ, ಯಾಜಕತ್ವವೂ ಬೇಕೆ, ಆರೋನನ ಮೇಲೆ ಗೊಣಗಲು ಅವನು ಎಷ್ಟರವನು ಎಂದು ಕೇಳುತ್ತಾನೆ. ಅಣ್ಣನನ್ನು ಸಮರ್ಥಿಸಿದ ರೀತಿಯಲ್ಲೂ ಅಣ್ಣನನ್ನು ದೊಡ್ಡವನನ್ನಾಗಿ ಮಾಡಲಿಲ್ಲ.

ಒಂದು ಕತ್ತೆ

ದಾತಾನ್ ಮತ್ತು ಅಬೀರಾಮರಿಗೆ ಕರೆ ಹೋಯಿತು. ಅವರ ಉತ್ತರ "ನಾವು ಬರುವುದಿಲ್ಲ" ಎಂದು ಶುರುವಾಗಿ ಅದೇ ಮಾತಿನಲ್ಲಿ ಮುಗಿಯುತ್ತದೆ. ಹೀಬ್ರೂ ಕ್ರಿಯಾಪದದ ಅರ್ಥ ಮೇಲೇರಿ ಬರುವುದು. ಏರುವುದಿಲ್ಲ ಎಂದವರು ಕೊನೆಗೆ ಪಾತಾಳಕ್ಕೆ ಇಳಿದರು ಎಂದು ಅದೇ ಅಧ್ಯಾಯ ಹೇಳುತ್ತದೆ. ನಡುವೆ ಅವರು ಆಡಿದ ಮಾತು ಇನ್ನೂ ಹರಿತ. ಹಾಲೂ ಜೇನೂ ಹರಿಯುವ ದೇಶದಿಂದ ನಮ್ಮನ್ನು ಕರೆತಂದು ಇಲ್ಲಿ ಸಾಯಿಸುವುದು ಸಾಲದೆಂದು ನಮ್ಮ ಮೇಲೆ ದೊರೆತನ ಬೇರೆ ಮಾಡುತ್ತೀಯಾ, ಈ ಜನರ ಕಣ್ಣು ಕೀಳಬೇಕೆಂದಿದ್ದೀಯಾ? ಹಾಲೂ ಜೇನೂ ಹರಿಯುವ ದೇಶ ಎಂದು ಅವರು ಕರೆದದ್ದು ಐಗುಪ್ತವನ್ನು! ಇಟ್ಟಿಗೆ ಮಾಡುವ ಬಿಟ್ಟಿ ಕೆಲಸದಲ್ಲಿ ಬೆನ್ನು ಮುರಿದುಕೊಂಡ, ಗಂಡು ಕೂಸುಗಳನ್ನು ನೈಲಿಗೆ ಎಸೆಯಲಾದ ಐಗುಪ್ತವನ್ನು. ದೇವರು ಕಾನಾನಿನ ಬಗ್ಗೆ ಆಡಿದ್ದ ಮಾತನ್ನೇ ತೆಗೆದು ದಾಸತ್ವದ ಮನೆಗೆ ಅಂಟಿಸಿದರು.

ಇಲ್ಲಿ ಮೋಶೆಗೆ ಕಡುಕೋಪ ಬಂದಿತು. ದೀನತೆ ಎಂದರೆ ಸಿಟ್ಟೇ ಬಾರದಿರುವುದು ಎಂದು ನಂಬಿದವರು ಈ ವಾಕ್ಯವನ್ನು ನಿಂತು ಓದಬೇಕು. ನಾಲ್ಕು ಅಧ್ಯಾಯಗಳ ಹಿಂದೆ, ಭೂಮಿಯ ಮೇಲಿರುವ ಎಲ್ಲರಿಗಿಂತ ದೀನನು ಎಂದು ಬರೆಯಲ್ಪಟ್ಟ ಅದೇ ವ್ಯಕ್ತಿ ಈತ. ಆದರೆ ಆ ಕೋಪವನ್ನು ಅವನು ಒಯ್ದದ್ದು ದೇವರ ಹತ್ತಿರ: ನಾನು ಇವರಿಂದ ಒಂದು ಕತ್ತೆಯನ್ನೂ ತೆಗೆದುಕೊಳ್ಳಲಿಲ್ಲ, ಇವರಲ್ಲಿ ಒಬ್ಬನಿಗೂ ಕೇಡು ಮಾಡಲಿಲ್ಲ.

ಕತ್ತೆ ಏಕೆ? ಮಿದ್ಯಾನಿನಿಂದ ಐಗುಪ್ತಕ್ಕೆ ಹೊರಟಾಗ ಹೆಂಡತಿ ಮಕ್ಕಳನ್ನು ಕೂರಿಸಲು ಒಂದು ಕತ್ತೆ ಬೇಕಾಗಿತ್ತು; ಜನರ ಕೆಲಸಕ್ಕಾಗಿಯೇ ಮಾಡಿದ ಪ್ರಯಾಣವಾದರೂ ಅದನ್ನು ಅವರ ಲೆಕ್ಕಕ್ಕೆ ಹಾಕಲಿಲ್ಲ ಎಂದು ರಾಶಿ ವಿವರಿಸುತ್ತಾನೆ. ಪ್ರಯಾಣ ಭತ್ಯೆಯನ್ನೂ ಕೇಳದವನು. ಇದು ಬರೀ ಬಾಯಿಮಾತಲ್ಲ. ವಿಮೋಚನಕಾಂಡದ 38ನೆಯ ಅಧ್ಯಾಯದ ಕೊನೆಯಲ್ಲಿ ಗುಡಾರದ ಕಟ್ಟಡಕ್ಕೆ ಬಂದ ಕಾಣಿಕೆಯ ಪೂರ್ತಿ ಲೆಕ್ಕ ಅಂದಿನ ತೂಕಗಳಾದ ತಲಾಂತು ಶೆಕೆಲ್‌ಗಳಲ್ಲಿ ಇದೆ: ಚಿನ್ನ 29 ತಲಾಂತು 730 ಶೆಕೆಲ್, ಬೆಳ್ಳಿ 100 ತಲಾಂತು 1,775 ಶೆಕೆಲ್, ತಾಮ್ರ 70 ತಲಾಂತು 2,400 ಶೆಕೆಲ್. ಆ 1,775 ಶೆಕೆಲ್ ಚಿಲ್ಲರೆ ಬೆಳ್ಳಿ ಕಂಬಗಳ ಕೊಂಡಿಗಳಿಗೆ ಹೋಯಿತೆಂಬುದನ್ನೂ ಬರೆದಿಟ್ಟಿದ್ದಾರೆ. ಕೊಂಡಿಯ ಲೆಕ್ಕವನ್ನೂ ಜನರ ಮುಂದಿಟ್ಟವನಿಗೆ ಮಾತ್ರ ಕತ್ತೆಯ ಮಾತು ಆಡುವ ಹಕ್ಕು.

ಇದನ್ನು ಬರೆಯುವಾಗ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ನಾನು ಹೋಗುತ್ತಿದ್ದ ಸಭೆಯೊಂದರ ವಾರ್ಷಿಕ ಕೂಟ. ನಿವೃತ್ತ ಶಿಕ್ಷಕರೊಬ್ಬರು ಎದ್ದು ನಿಂತು, ಕಟ್ಟಡ ನಿಧಿಯ ರಸೀದಿ ಪುಸ್ತಕಗಳನ್ನು ಒಮ್ಮೆ ನೋಡಬಹುದೇ ಎಂದು ಮೆಲ್ಲಗೆ ಕೇಳಿದರು. ವೇದಿಕೆಯ ಮೇಲಿಂದ ಬಂದ ಉತ್ತರ: "ಕೋರಹನ ಗತಿ ಏನಾಯಿತೆಂದು ನೆನಪಿರಲಿ." ಅವರು ಕನ್ನಡಕ ತೆಗೆದು ಅದರ ಡಬ್ಬಿಯಲ್ಲಿಟ್ಟು, ಮುಚ್ಚಳ ಮುಚ್ಚಿ ಕುಳಿತರು. ಆ ಮುಚ್ಚಳದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಲೆಕ್ಕ ಕೇಳಿದವನನ್ನು ಕೋರಹ ಎಂದು ಕರೆಯುವುದಕ್ಕೆ ಈ ಗ್ರಂಥದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಕೇಳದಿದ್ದರೂ ಲೆಕ್ಕ ಕೊಟ್ಟವನು ಮೋಶೆ.

ಎರಡನೆಯ ಸಲ, ಮತ್ತು ಬಾಗಿಲಲ್ಲಿ ನಿಂತ ಮಕ್ಕಳು

ಬೆಳಗಾಯಿತು. ಕೋರಹನು ಸಮುದಾಯವನ್ನೆಲ್ಲ ಗುಡಾರದ ಬಾಗಿಲಿಗೆ ಕರೆತಂದಿದ್ದನು. ನೀವಿಬ್ಬರು ಪಕ್ಕಕ್ಕೆ ಸರಿಯಿರಿ, ಒಂದೇ ಕ್ಷಣದಲ್ಲಿ ಇವರನ್ನು ಮುಗಿಸುತ್ತೇನೆ ಎಂದು ದೇವರ ಮಾತು ಬಂದಿತು. ಯಾವ ನಾಯಕನಿಗೂ ಇದಕ್ಕಿಂತ ಅನುಕೂಲದ ಸಂದರ್ಭ ಸಿಗದು. ಕೈ ಎತ್ತಬೇಕಾಗಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಾಕು. ಮೋಶೆ ಮತ್ತು ಆರೋನರು ಸರಿಯಲಿಲ್ಲ. ಇದ್ದಲ್ಲೇ ಬೋರಲು ಬಿದ್ದು, ಸಕಲ ದೇಹಧಾರಿಗಳ ಆತ್ಮಗಳಿಗೆ ದೇವರೇ, ಒಬ್ಬನು ಪಾಪ ಮಾಡಿದರೆ ಎಲ್ಲರ ಮೇಲೆ ಕೋಪವೇ ಎಂದು ಬೇಡಿದರು. ಈ ಸಂಬೋಧನೆಯನ್ನು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ನಂತರ ಮೋಶೆ ಎದ್ದು, ಬರುವುದಿಲ್ಲ ಎಂದಿದ್ದ ದಾತಾನ್ ಅಬೀರಾಮರ ಹತ್ತಿರ ತಾನೇ ನಡೆದುಹೋದನು. ಜಗಳವನ್ನು ಹಿಡಿದುಕೊಂಡು ಕೂರಬಾರದು ಎಂಬುದಕ್ಕೆ ತಾಲ್ಮುದಿನ ಪಂಡಿತ ರೇಷ್ ಲಾಕಿಷ್ ಈ ನಡಿಗೆಯನ್ನೇ ಆಧಾರವಾಗಿ ತೋರಿಸುತ್ತಾನೆ. ಕರೆದಾಗ ಬಾರದೆ ಅವಮಾನಿಸಿದವರ ಮನೆ ಬಾಗಿಲಿಗೆ, ಹಿರಿಯರೆಲ್ಲ ಹಿಂದೆ ಬರುತ್ತಿರುವಾಗ, ಎಲ್ಲರ ಕಣ್ಣೆದುರು. ಅವರು ಹೊರಗೆ ಬಂದು ತಮ್ಮ ಗುಡಾರಗಳ ಬಾಗಿಲಲ್ಲಿ ನಿಂತರು, ಹೆಂಡಿರು, ಮಕ್ಕಳು, ಎಳೆಗೂಸುಗಳ ಸಮೇತ. ಭೂಮಿ ಬಾಯಿ ತೆರೆಯಿತು, ಅವರನ್ನು ನುಂಗಿತು. ಧೂಪ ಹಿಡಿದಿದ್ದ 250 ಮಂದಿಯನ್ನು ಬೆಂಕಿ ದಹಿಸಿತು.

ಎಳೆಗೂಸುಗಳು ಎಂಬ ಪದ ಬಂದಾಗಲೆಲ್ಲ ನನ್ನ ಓದು ನಿಲ್ಲುತ್ತದೆ. ಅದನ್ನು ಸಮರ್ಥಿಸುವ ವಿವರಣೆಗಳನ್ನು ಬಹಳ ಕೇಳಿದ್ದೇನೆ, ಯಾವುದೂ ನನ್ನ ಮನಸ್ಸಿಗೆ ಒಗ್ಗಿಲ್ಲ. ವಿದ್ವಾಂಸರಲ್ಲಿ ಬಹಳ ಮಂದಿ ಇಲ್ಲಿ ಎರಡು ಕಥೆಗಳು ಹೆಣೆದುಕೊಂಡಿವೆ ಎನ್ನುತ್ತಾರೆ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯವೂ 106ನೆಯ ಕೀರ್ತನೆಯೂ ಭೂಮಿ ನುಂಗಿದ್ದನ್ನು ಹೇಳುವಾಗ ದಾತಾನ್ ಅಬೀರಾಮರನ್ನಷ್ಟೇ ಹೆಸರಿಸುತ್ತವೆ, ಕೋರಹನನ್ನಲ್ಲ. ಅದು ಪಠ್ಯದ ಹೆಣಿಗೆಯನ್ನು ಬಿಡಿಸುತ್ತದೆ, ಸಂಕಟವನ್ನು ಬಿಡಿಸುವುದಿಲ್ಲ. ಆದರೆ ಗ್ರಂಥವೇ ಹತ್ತು ಅಧ್ಯಾಯ ದಾಟಿದ ಮೇಲೆ ಜನಗಣತಿಯ ಪಟ್ಟಿಯ ನಡುವೆ ಒಂದು ಚಿಕ್ಕ ವಾಕ್ಯ ಸೇರಿಸುತ್ತದೆ: ಕೋರಹನ ಮಕ್ಕಳು ಸಾಯಲಿಲ್ಲ. ಅವರ ಸಂತತಿ ದೇವಾಲಯದ ದ್ವಾರಪಾಲಕರಾದರು, ಗಾಯಕರಾದರು. ಬಾಯಾರಿದ ಜಿಂಕೆ ನೀರಿನ ತೊರೆಗಾಗಿ ಹಂಬಲಿಸುವ 42ನೆಯ ಕೀರ್ತನೆ ಅವರ ಹೆಸರಿನಲ್ಲಿದೆ. ದುಷ್ಟರ ಗುಡಾರಗಳಲ್ಲಿ ವಾಸಿಸುವುದಕ್ಕಿಂತ ದೇವರ ಮನೆಯ ಹೊಸ್ತಿಲಲ್ಲಿ ನಿಲ್ಲುವುದು ಲೇಸೆನ್ನುವ 84ನೆಯದೂ ಅವರದೇ. ಪೂರ್ವಕಾಲವೃತ್ತಾಂತದ ವಂಶಾವಳಿಯಂತೆ ಪ್ರವಾದಿ ಸಮುವೇಲನೂ ಕೋರಹನ ವಂಶದವನು. ಆ ಸಮುವೇಲ ಮುದಿಪ್ರಾಯದಲ್ಲಿ ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ ಎಂದು ಕೇಳಿದನು. ಕೋರಹನ ಮನೆಯಲ್ಲಿ ಹುಟ್ಟಿದವನ ಬಾಯಲ್ಲಿ ಮೋಶೆಯ ಮಾತು.

ಆರೋನ ಓಡಿದನು

ಪ್ರಕರಣದ ತಿರುಳು ನನ್ನ ಮಟ್ಟಿಗೆ ಮರುದಿನದಲ್ಲಿದೆ. ಬಂಡಾಯಗಾರರು ಹೋಗಿದ್ದಾರೆ, ತೀರ್ಪು ಬಂದಿದೆ. ಬೆಳಗಾಗುತ್ತಲೇ ಇಡೀ ಸಮುದಾಯ ಮೋಶೆ ಆರೋನರ ಸುತ್ತ ನೆರೆದು, ಯೆಹೋವನ ಜನರನ್ನು ಕೊಂದವರು ನೀವೇ ಎಂದಿತು. ಮತ್ತೆ ದೇವರ ಮಾತು: ಸರಿಯಿರಿ, ಇವರನ್ನು ಮುಗಿಸುತ್ತೇನೆ. ಮೂರನೆಯ ಸಲ ಇಬ್ಬರೂ ಬೋರಲು ಬಿದ್ದರು. ಈ ಸಲ ಪ್ರಾರ್ಥನೆಯ ಮಾತುಗಳು ದಾಖಲಾಗಿಲ್ಲ. ವ್ಯಾಧಿ ಆಗಲೇ ಶುರುವಾಗಿತ್ತು. ಮೋಶೆ ಅಣ್ಣನಿಗೆ, ಧೂಪಾರತಿ ತೆಗೆದುಕೋ, ಯಜ್ಞವೇದಿಯ ಕೆಂಡ ಹಾಕು, ಬೇಗ ಜನರ ಬಳಿಗೆ ಹೋಗು, ಅವರಿಗಾಗಿ ದೋಷಪರಿಹಾರ ಮಾಡು ಎಂದನು.

ಆ ಪಾತ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಿಂದಿನ ದಿನ 250 ಮಂದಿ ಅಂಥದ್ದನ್ನೇ ಹಿಡಿದು ಸುಟ್ಟುಹೋಗಿದ್ದರು. ಅದಕ್ಕೂ ಮೊದಲು ಆರೋನನ ಇಬ್ಬರು ಗಂಡುಮಕ್ಕಳು, ನಾದಾಬ್ ಮತ್ತು ಅಬೀಹು, ಬೇರೆ ಬೆಂಕಿಯನ್ನು ಅಂಥದ್ದೇ ಪಾತ್ರೆಗಳಲ್ಲಿ ತಂದು ಸತ್ತಿದ್ದರು. ಆಗ ಆರೋನನು ಮೌನವಾಗಿದ್ದನು ಎಂದಷ್ಟೇ ಬರೆದಿದೆ. ಫರೋಹನ ಮುಂದೆ ನಿಂತಾಗಲೇ ಅವನಿಗೆ 83 ವರ್ಷ. ಈಗ ಇನ್ನೂ ಮುದುಕ. ಮಹಾಯಾಜಕನಾದ್ದರಿಂದ ತಂದೆ ತಾಯಿಯ ಹೆಣದ ಹತ್ತಿರವೂ ಹೋಗಬಾರದೆಂಬ ಕಟ್ಟಳೆ ಅವನಿಗಿತ್ತು. ಅಂಥವನು, ಮಕ್ಕಳನ್ನು ಬಲಿ ತೆಗೆದುಕೊಂಡ ಪಾತ್ರೆಯನ್ನೇ ಕೈಯಲ್ಲಿ ಹಿಡಿದು, ಅದೇ ಈಗ ತನ್ನನ್ನು ಕೊಲೆಗಾರ ಎಂದವರ ನಡುವೆ ಓಡಿದನು. ಹೀಬ್ರೂ ಪಠ್ಯ ಓಡಿದನು ಎಂದೇ ಹೇಳುತ್ತದೆ. ಓಡಿಹೋಗಿ ಸತ್ತವರಿಗೂ ಬದುಕಿದ್ದವರಿಗೂ ನಡುವೆ ನಿಂತನು. ವ್ಯಾಧಿ ನಿಂತಿತು. ಅಷ್ಟರಲ್ಲಿ 14,700 ಮಂದಿ ತೀರಿಹೋಗಿದ್ದರು.

ಯಾರಿಗೆ ಯಾಜಕತ್ವ ಎಂಬ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಸಿಗುತ್ತದೆ. ಕೋರಹ ಧೂಪಾರತಿಯನ್ನು ಹಿಡಿದದ್ದು ಪಡೆಯುವುದಕ್ಕೆ, ಆರೋನ ಹಿಡಿದದ್ದು ಉಳಿಸುವುದಕ್ಕೆ. ಆಮೇಲೆ ಬಂದ ಕೋಲಿನ ಗುರುತು, ಅಂದರೆ ಹನ್ನೆರಡು ಕೋಲುಗಳಲ್ಲಿ ಆರೋನನದು ಚಿಗುರಿ, ಹೂಬಿಟ್ಟು, ಬಾದಾಮಿ ಹಣ್ಣು ಬಿಟ್ಟದ್ದು, ಜನರಿಗೆ ಬೇಕಾಗಿತ್ತು. ಆ ಓಟವನ್ನು ಕಂಡವರಿಗೆ ಬೇಕಾಗಿರಲಿಲ್ಲ. ಸತ್ತವರ ತಾಮ್ರದ ಧೂಪಾರತಿಗಳನ್ನೂ ಎಸೆಯಲಿಲ್ಲ. ಅವು ಪವಿತ್ರವಾದವು ಎಂಬ ಕಾರಣಕ್ಕೆ ಆರೋನನ ಮಗ ಎಲ್ಲಾಜಾರನು ಅವನ್ನು ತಗಡಾಗಿ ಬಡಿಸಿ ಯಜ್ಞವೇದಿಗೆ ಹೊದಿಸಿದನು. ಎದುರಾಳಿಗಳು ತಂದದ್ದು ಆರಾಧನೆಯ ನಡುಮಧ್ಯದಲ್ಲೇ ಉಳಿಯಿತು.

ಎರಡೂ ಕೈ

ಮೋಶೆ ಯಾವಾಗಲೂ ಹೀಗೇ ಇದ್ದನೆಂದು ಹೇಳಿದರೆ ಗ್ರಂಥಕ್ಕೆ ದ್ರೋಹ. ಮುಂದೆ ಕಾದೇಶ್ ಎಂಬಲ್ಲಿ ನೀರಿಗಾಗಿ ಜನ ಕೂಗಾಡಿದಾಗ ಅವನೂ ಆರೋನನೂ ಮೊದಲು ಬೋರಲು ಬಿದ್ದರು. ಆದರೆ ಎದ್ದ ಮೇಲೆ, ದ್ರೋಹಿಗಳೇ ಕೇಳಿರಿ, ಈ ಬಂಡೆಯಿಂದ ನಿಮಗೆ ನಾವು ನೀರು ತರಿಸಬೇಕೋ ಎಂದು ಸಿಡಿದು, ಮಾತಾಡು ಎಂದು ಹೇಳಿದ ಬಂಡೆಯನ್ನು ಎರಡು ಬಾರಿ ಹೊಡೆದನು. ಕಾನಾನಿಗೆ ಕಾಲಿಡುವ ಭಾಗ್ಯ ಅಲ್ಲಿಗೆ ತಪ್ಪಿತು. ಜನರ ಮೇಲಿನ ಸಿಟ್ಟನ್ನು ಈ ಸಲ ಅವನು ಜನರ ಮೇಲೆಯೇ ಹಾಕಿದ್ದನು.

ಕೋರಹನ ಹೆಸರು ಇನ್ನೊಮ್ಮೆ ಬರುವುದು 27ನೆಯ ಅಧ್ಯಾಯದಲ್ಲಿ. ಚಲ್ಪಹಾದನ ಐವರು ಹೆಣ್ಣುಮಕ್ಕಳು ಅದೇ ಗುಡಾರದ ಬಾಗಿಲಿಗೆ ಬಂದರು. ನಮ್ಮ ತಂದೆ ಕೋರಹನ ಗುಂಪಿನವನಲ್ಲ, ಗಂಡುಮಕ್ಕಳಿಲ್ಲದೆ ಸತ್ತನು, ಅವನ ಹೆಸರು ಏಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎಂದು ಕೇಳಿದರು. ಇದೂ ಇದ್ದ ಕಟ್ಟಳೆಯ ಎದುರು ಎತ್ತಿದ ದನಿಯೇ. ಮೋಶೆ ಗದರಲಿಲ್ಲ. ಅವರ ವ್ಯಾಜ್ಯವನ್ನು ದೇವರ ಮುಂದಿಟ್ಟನು. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂಬ ಉತ್ತರ ಬಂದಿತು, ಕಟ್ಟಳೆ ಬದಲಾಯಿತು.

ಅದೇ ಅಧ್ಯಾಯದಲ್ಲಿ, ನೀನು ಆ ದೇಶವನ್ನು ದೂರದಿಂದ ನೋಡಿ ಸಾಯುತ್ತೀ ಎಂದು ಮೋಶೆಗೆ ತಿಳಿಸಲಾಗುತ್ತದೆ. ಅವನು ತನಗಾಗಿ ಏನನ್ನೂ ಕೇಳಲಿಲ್ಲ. ಸಕಲ ದೇಹಧಾರಿಗಳ ಆತ್ಮಗಳಿಗೆ ದೇವರೇ ಎಂದು ಪ್ರಾರ್ಥನೆ ಶುರುಮಾಡಿದನು. ಬೋರಲು ಬಿದ್ದು ಬೇಡಿದ ಆ ಬೆಳಗಿನ ಸಂಬೋಧನೆ ಅದು, ಹೀಬ್ರೂ ಗ್ರಂಥಗಳಲ್ಲಿ ಈ ಎರಡು ಕಡೆ ಬಿಟ್ಟು ಬೇರೆಲ್ಲೂ ಇಲ್ಲ. ಯೆಹೋವನ ಜನ ಕುರುಬನಿಲ್ಲದ ಕುರಿಗಳಂತೆ ಆಗದಿರಲು ಒಬ್ಬನನ್ನು ನೇಮಿಸು ಎಂದು ಬೇಡಿದನು. ಅವನಿಗೆ ಗೇರ್ಷೋಮ್, ಎಲೀಯೆಜೆರ್ ಎಂಬ ಇಬ್ಬರು ಗಂಡುಮಕ್ಕಳಿದ್ದರು. ದೇವರು ಹೆಸರಿಸಿದ್ದು ಎಫ್ರಾಯೀಮ್ ಕುಲದ ಯೆಹೋಶುವನನ್ನು, ಅಂದು ಒಡೆಯನ ಪರವಾಗಿ ಹೊಟ್ಟೆಕಿಚ್ಚು ಪಟ್ಟಿದ್ದ ಆ ಯುವಕನನ್ನು. ಅವನ ಮೇಲೆ ನಿನ್ನ ಕೈಯನ್ನಿಡು ಎಂಬುದು ಆಜ್ಞೆ. ಹೀಬ್ರೂವಿನಲ್ಲಿ ಅದು ಏಕವಚನ, ಒಂದು ಕೈ. ಯಾಜಕ ಎಲ್ಲಾಜಾರನ ಮತ್ತು ಇಡೀ ಸಮುದಾಯದ ಎದುರು ಮೋಶೆ ಯೆಹೋಶುವನನ್ನು ನಿಲ್ಲಿಸಿ, ಅವನ ತಲೆಯ ಮೇಲೆ ತನ್ನ ಎರಡೂ ಕೈಗಳನ್ನಿಟ್ಟನು.